ಸಸ್ಯಸಹಿತ ಅಕ್ವೇರಿಯಂನಲ್ಲಿ ಗಂಡು ಮತ್ತು ಹೆಣ್ಣು ಬೆಟ್ಟಾ (ಫೈಟರ್) ಮೀನುಗಳ ಪಾಲನೆ

(ಬೀದರ್ ನಗರ, ಕೊಳಾರ, ಭಾಲ್ಕಿ ಮತ್ತು ಔರಾದ್ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮನೆ, ಅಂಗಡಿ ಮತ್ತು ಕಚೇರಿಗಳಲ್ಲಿ ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ದೊಡ್ಡ ನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಅಲಂಕಾರಿಕ ಮೀನುಗಳ ಪೈಕಿ 'ಫೈಟರ್' ಎಂಬ ಹೆಸರಿನಿಂದ ಮಾರಾಟವಾಗುವ ಬೆಟ್ಟಾ ಮೀನು ತನ್ನ ಬಣ್ಣ, ಉದ್ದನೆಯ ಈಜುರೆಕ್ಕೆ ಮತ್ತು ಕಡಿಮೆ ಸಲಕರಣೆಯಲ್ಲಿಯೂ ಬದುಕುವ ಗುಣದಿಂದ ಜನಪ್ರಿಯವಾಗಿದೆ.

ಈ ಮೀನನ್ನು ಹೊಸದಾಗಿ ಸಾಕುವವರು ಗಂಡು ಮತ್ತು ಹೆಣ್ಣನ್ನು 'ಜೋಡಿ' ಎಂದು ಕೊಂಡು ತಂದು, ಹಸಿರು ಗಿಡಗಳಿರುವ ಒಂದೇ ತೊಟ್ಟಿಯಲ್ಲಿ ಬಿಡುವುದುಂಟು. ಇಂತಹ ಸಂದರ್ಭಗಳಲ್ಲಿ ಹೆಣ್ಣು ಮೀನು ಕೆಲವೇ ದಿನಗಳಲ್ಲಿ ಗಾಯಗೊಂಡು ಅಥವಾ ಆಹಾರ ಬಿಟ್ಟು ಸಾಯುವ ಸಂಭವ ಹೆಚ್ಚು. ಕೆಲವೊಮ್ಮೆ ಗಂಡು ಮೀನೇ ಸಾಯುವುದೂ ಉಂಟು. ನೀರು ಅಥವಾ ಆಹಾರದಲ್ಲಿ ದೋಷವಿದೆಯೆಂದು ಭಾವಿಸಿ ಮತ್ತೊಂದು ಜೋಡಿಯನ್ನು ತಂದರೆ ನಷ್ಟವು ಪುನರಾವರ್ತನೆಯಾಗುತ್ತದೆ.

ಈ ಲೇಖನದ ಮುಖ್ಯಾಂಶವನ್ನು ಆರಂಭದಲ್ಲಿಯೇ ತಿಳಿಸುವುದು ಸೂಕ್ತ. ಬೆಟ್ಟಾ ಜೋಡಿಯಾಗಿ ಬಾಳುವ ಮೀನಲ್ಲ. ಗಂಡು ಮತ್ತು ಹೆಣ್ಣು ಒಂದೆಡೆ ಸೇರುವುದು ಮೊಟ್ಟೆ ಇಡುವ ಕೆಲವು ಗಂಟೆಗಳ ಅವಧಿಗೆ ಮಾತ್ರ. ತೊಟ್ಟಿಯಲ್ಲಿರುವ ಸಸ್ಯಗಳು ಮೀನಿಗೆ ಮರೆಯನ್ನು ಒದಗಿಸುತ್ತವೆಯೇ ಹೊರತು ಓಡಿ ಹೋಗಲು ದಾರಿಯನ್ನು ಒದಗಿಸುವುದಿಲ್ಲ. ಆದುದರಿಂದ ಸಸ್ಯಗಳಿವೆ ಎಂಬ ಒಂದೇ ಕಾರಣಕ್ಕೆ ಇವೆರಡನ್ನು ಶಾಶ್ವತವಾಗಿ ಒಟ್ಟಿಗೆ ಇಡುವುದು ಸುರಕ್ಷಿತವಲ್ಲ.

2. ಮೀನಿನ ಪರಿಚಯ

ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ವೈಜ್ಞಾನಿಕ ಹೆಸರಿನ ಈ ಮೀನು ಥೈಲ್ಯಾಂಡ್ ದೇಶದ ಮೂಲದ್ದು. ಅಲ್ಲಿನ ಭತ್ತದ ಗದ್ದೆ, ಜೌಗು ಮತ್ತು ನಿಧಾನವಾಗಿ ಹರಿಯುವ ಆಳವಿಲ್ಲದ ನೀರು ಇದರ ಸಹಜ ನೆಲೆ. ಥಾಯ್ ಭಾಷೆಯಲ್ಲಿ ಇದನ್ನು 'ಪ್ಲಾ ಕಾಟ್', ಅಂದರೆ ಕಚ್ಚುವ ಮೀನು ಎಂದು ಕರೆಯುತ್ತಾರೆ. 2019ರಲ್ಲಿ ಥೈಲ್ಯಾಂಡ್ ಸರ್ಕಾರವು ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ಮನುಷ್ಯರು ಈ ಮೀನನ್ನು ಕನಿಷ್ಠ 1,000 ವರ್ಷಗಳಿಂದ ಸಾಕುತ್ತಾ ಬಂದಿರುವುದಾಗಿ 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಅಂದಾಜಿಸಿದೆ. ಈ ಅವಧಿಯಲ್ಲಿ ಮೊದಲು ಕಾದಾಟಕ್ಕಾಗಿ ಬಲಿಷ್ಠ ಮೀನುಗಳನ್ನೂ, ನಂತರ ಅಲಂಕಾರಕ್ಕಾಗಿ ಬಣ್ಣ ಮತ್ತು ಉದ್ದ ರೆಕ್ಕೆಯ ಮೀನುಗಳನ್ನೂ ಆರಿಸಿ ತಳಿ ಬೆಳೆಸಲಾಯಿತು. ಆದ್ದರಿಂದ ಅಂಗಡಿಯಲ್ಲಿ ದೊರೆಯುವ ಬೆಟ್ಟಾದ ಜಗಳಗಂಟ ಸ್ವಭಾವವು ಅಭ್ಯಾಸದಿಂದ ಬಂದುದಲ್ಲ, ವಂಶಪಾರಂಪರ್ಯವಾಗಿ ಬಂದುದು. ತರಬೇತಿಯಿಂದ ಅಥವಾ 'ಕ್ರಮೇಣ ಹೊಂದಿಕೊಳ್ಳುತ್ತದೆ' ಎಂಬ ನಿರೀಕ್ಷೆಯಿಂದ ಅದು ಬದಲಾಗುವುದಿಲ್ಲ.

ಈ ಮೀನಿಗೆ ಕಿವಿರುಗಳ ಜೊತೆಗೆ ಲ್ಯಾಬಿರಿಂತ್ ಎಂಬ ಸಹಾಯಕ ಉಸಿರಾಟದ ಅಂಗವಿದೆ. ಕೆರೆಗಳ ಮರಲು (ಮುರೆಲ್) ಮೀನು ನೀರಿನ ಮೇಲ್ಮೈಗೆ ಬಂದು ಗಾಳಿ ಸೇವಿಸುವಂತೆ ಬೆಟ್ಟಾ ಕೂಡ ಆಗಾಗ್ಗೆ ಮೇಲೆ ಬಂದು ಗಾಳಿಯನ್ನು ಸೇವಿಸುತ್ತದೆ. ಈ ಗುಣದಿಂದಾಗಿ ಇದು ಚಿಕ್ಕ ಬಾಟಲಿಯಲ್ಲಿಯೂ ಕೆಲಕಾಲ ಜೀವಿಸಬಲ್ಲದು. ಆದರೆ ಬಾಟಲಿಯು ಸಾಗಾಣಿಕೆ ಮತ್ತು ಮಾರಾಟದ ಅನುಕೂಲಕ್ಕಾಗಿ ಮಾತ್ರ, ವಾಸಕ್ಕೆ ಯೋಗ್ಯವಲ್ಲ.

3. ಒಟ್ಟಿಗೆ ಇಟ್ಟಾಗ ಘರ್ಷಣೆ ಉಂಟಾಗಲು ಕಾರಣ

ಗಂಡು ಬೆಟ್ಟಾ ನೀರಿನ ಮೇಲ್ಮೈಯಲ್ಲಿ ಗುಳ್ಳೆಗಳಿಂದ ನೊರೆಗೂಡನ್ನು ಕಟ್ಟಿ, ಅದರ ಸುತ್ತಲಿನ ಪ್ರದೇಶವನ್ನು ತನ್ನದೆಂದು ಕಾಯುತ್ತದೆ. ಮೊಟ್ಟೆ ಇಡಲು ಸಿದ್ಧವಾಗಿರುವ ಹೆಣ್ಣನ್ನು ಮಾತ್ರ ಗೂಡಿನ ಬಳಿಗೆ ಬರಲು ಬಿಡುತ್ತದೆ. ಸಿದ್ಧವಾಗಿಲ್ಲದ ಹೆಣ್ಣು ಮತ್ತು ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣು, ಇವೆರಡೂ ಗಂಡಿನ ದೃಷ್ಟಿಯಲ್ಲಿ ಗೂಡಿಗೆ ಅಪಾಯ ತರುವ ಪರಕೀಯ ಮೀನುಗಳು.

ಸಹಜ ನೆಲೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಾಗುವುದಿಲ್ಲ. ಓಡಿಸಲ್ಪಟ್ಟ ಹೆಣ್ಣು ಕೆಲವು ಅಡಿ ದೂರ ಸರಿದರೆ ಗಂಡು ಬೆನ್ನಟ್ಟುವುದನ್ನು ನಿಲ್ಲಿಸುತ್ತದೆ. ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಅಷ್ಟು ದೂರವೇ ಇರುವುದಿಲ್ಲ. ಇಡೀ ತೊಟ್ಟಿಯು ಗಂಡಿನ ಗಡಿಯೊಳಗೆ ಬರುತ್ತದೆ. ಹೆಣ್ಣು ಗಿಡದ ಮರೆಯಲ್ಲಿ ಅವಿತರೂ ಗಾಳಿ ಸೇವಿಸಲು ಮೇಲಕ್ಕೆ ಬರಲೇಬೇಕು. ಬಂದ ಕೂಡಲೇ ಗಂಡಿನ ಕಣ್ಣಿಗೆ ಬೀಳುತ್ತದೆ. ಹೀಗೆ ನಿರಂತರ ಭಯದಲ್ಲಿರುವ ಮೀನು ಆಹಾರ ತೆಗೆದುಕೊಳ್ಳುವುದಿಲ್ಲ ಹಾಗೂ ರೋಗಕ್ಕೆ ಬೇಗನೆ ತುತ್ತಾಗುತ್ತದೆ. ಮೈಮೇಲೆ ಗಾಯವಿಲ್ಲದ ಹೆಣ್ಣು ಮೀನು ಸಹ ಸಾಯುವುದಕ್ಕೆ ಇದು ಕಾರಣ.

ವಿಶಾಲವಾದ ತೊಟ್ಟಿಯಲ್ಲಿ ದಟ್ಟ ಗಿಡಗಳ ನಡುವೆ ಗಂಡು-ಹೆಣ್ಣು ತಿಂಗಳುಗಟ್ಟಲೆ ಒಟ್ಟಿಗೆ ಇದ್ದ ಉದಾಹರಣೆಗಳನ್ನು ಅನುಭವಿ ಹವ್ಯಾಸಿಗಳು ಹೇಳುವುದುಂಟು. ಅದು ಆಯಾ ಮೀನಿನ ಸ್ವಭಾವವನ್ನು ಅವಲಂಬಿಸಿದ್ದು, ಯಾವ ದಿನ ಬೇಕಾದರೂ ಬದಲಾಗಬಹುದು. ಆದ್ದರಿಂದ ಅದನ್ನು ಸಾಮಾನ್ಯ ನಿಯಮವಾಗಿ ಪರಿಗಣಿಸತಕ್ಕದ್ದಲ್ಲ.

4. ಗಂಡು ಮತ್ತು ಹೆಣ್ಣನ್ನು ಗುರುತಿಸುವ ವಿಧಾನ

'ಜೋಡಿ' ಎಂದು ಮಾರಾಟವಾಗುವ ಮೀನುಗಳು ಕೆಲವೊಮ್ಮೆ ಎರಡೂ ಗಂಡುಗಳಾಗಿರುತ್ತವೆ. ಗಿಡ್ಡ ರೆಕ್ಕೆಯ 'ಪ್ಲಾಕಟ್' ತಳಿಯ ಗಂಡು ಮತ್ತು ಎಳೆಯ ಗಂಡು ಮೀನುಗಳು ನೋಡಲು ಹೆಣ್ಣಿನಂತೆಯೇ ಕಾಣುವುದೇ ಇದಕ್ಕೆ ಕಾರಣ. ಖರೀದಿಸುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

• ಪ್ರಾಯಕ್ಕೆ ಬಂದ ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿ, ಎದೆಯ ಕೆಳಗಿನ ರೆಕ್ಕೆಗಳ ಹಿಂದೆ, ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ ಕಾಣುತ್ತದೆ. ಇದು ಮೊಟ್ಟೆ ಹೊರಬರುವ ನಾಳ.
• ಗಂಡು ರೇಗಿದಾಗ ಕಿವಿರು ಮುಚ್ಚಳದ ಕೆಳಗೆ ಗಡ್ಡದಂತಹ ಪೊರೆ ಅಗಲವಾಗಿ ಹರಡುತ್ತದೆ. ಹೆಣ್ಣಿನಲ್ಲಿ ಇದು ಬಹಳ ಚಿಕ್ಕದು.
• ಒಂದೇ ವಯಸ್ಸಿನ ಮೀನುಗಳಲ್ಲಿ ಗಂಡಿನ ದೇಹ ನೀಳವಾಗಿಯೂ, ಹೆಣ್ಣಿನ ಹೊಟ್ಟೆ ದುಂಡಗಾಗಿಯೂ ಇರುತ್ತದೆ.
• ಉದ್ದ ರೆಕ್ಕೆಯ ತಳಿಗಳಲ್ಲಿ ಗಂಡಿನ ಬೆನ್ನು, ಬಾಲ ಮತ್ತು ಗುದ ರೆಕ್ಕೆಗಳು ಹೆಣ್ಣಿನವುಗಳಿಗಿಂತ ಬಹಳ ಉದ್ದ.

ಒಂದೇ ಲಕ್ಷಣವನ್ನು ನೋಡಿ ನಿರ್ಧರಿಸಬಾರದು. ಸಂದೇಹವಿದ್ದಲ್ಲಿ ಎರಡನ್ನೂ ಪ್ರತ್ಯೇಕವಾಗಿಯೇ ಇಡಬೇಕು.

5. ತೊಟ್ಟಿಯ ಆಯ್ಕೆ ಮತ್ತು ಲೆಕ್ಕಾಚಾರ

ತೊಟ್ಟಿಯ ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ನೀರಿನ ಪ್ರಮಾಣ ಲೀಟರುಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 25 ಸೆಂ.ಮೀ. ನೀರು ತುಂಬಿದರೆ 45 ಲೀಟರ್ ಆಗುತ್ತದೆ. ನೀರಿನ ತೂಕವೇ 45 ಕಿ.ಗ್ರಾಂ.; ಗಾಜು, ಮರಳು ಮತ್ತು ಕಲ್ಲಿನ ತೂಕ ಇದಕ್ಕೆ ಹೊರತು. ಆದ್ದರಿಂದ ಭದ್ರವಾದ ಮೇಜು ಅಥವಾ ಕಟ್ಟೆಯ ಮೇಲೆಯೇ ತೊಟ್ಟಿಯನ್ನು ಇಡಬೇಕು.

ಒಂದು ಬೆಟ್ಟಾ ಮೀನಿಗೆ ಸುಮಾರು 20 ಲೀಟರ್ ನೀರು ಇರುವುದು ಒಳ್ಳೆಯದು. ಗಂಡು ಮತ್ತು ಹೆಣ್ಣು ಎರಡನ್ನೂ ಸಾಕಬಯಸುವವರಿಗೆ ಎರಡು ಮಾರ್ಗಗಳಿವೆ.

ಅ) ಎರಡು ಪ್ರತ್ಯೇಕ ತೊಟ್ಟಿಗಳು: ಇದು ಅತ್ಯಂತ ಸುರಕ್ಷಿತ. ಎರಡನ್ನೂ ಪಕ್ಕ ಪಕ್ಕದಲ್ಲಿ ಇಟ್ಟಲ್ಲಿ ನಡುವೆ ರಟ್ಟನ್ನು ಇಟ್ಟು, ಮೀನುಗಳು ದಿನವಿಡೀ ಪರಸ್ಪರ ಕಾಣದಂತೆ ಮಾಡಬೇಕು.

ಆ) ಒಂದೇ ತೊಟ್ಟಿಯ ಎರಡು ಭಾಗ: ಮೇಲೆ ತಿಳಿಸಿದ 45 ಲೀಟರ್ ತೊಟ್ಟಿಯನ್ನು ರಂಧ್ರಗಳುಳ್ಳ ಪ್ಲಾಸ್ಟಿಕ್ ತಡೆಯಿಂದ ವಿಭಾಗಿಸಿದರೆ ಪ್ರತಿ ಮೀನಿಗೆ ಸುಮಾರು 22 ಲೀಟರ್ ದೊರೆಯುತ್ತದೆ. ತಡೆಯು ಪಾರದರ್ಶಕವಾಗಿರಬಾರದು, ಪಾರದರ್ಶಕವಾಗಿದ್ದಲ್ಲಿ ಎರಡೂ ಬದಿಗೆ ಎತ್ತರದ ಗಿಡಗಳನ್ನು ನೆಡಬೇಕು. ಬೆಟ್ಟಾ ಜಿಗಿಯುವ ಮೀನಾದುದರಿಂದ ತಡೆಯು ನೀರಿನ ಮಟ್ಟಕ್ಕಿಂತ ಮೇಲಕ್ಕಿದ್ದು, ತೊಟ್ಟಿಯ ಮುಚ್ಚಳವನ್ನು ಮುಟ್ಟುವಂತಿರಬೇಕು. ಬದಿಗಳಲ್ಲಿ ಸಂದು ಇರಬಾರದು.

6. ಸಸ್ಯಗಳ ಆಯ್ಕೆ ಮತ್ತು ಉಪಯೋಗ

ಸಸ್ಯಗಳು ನೀರಿನಲ್ಲಿನ ಅಮೋನಿಯಾ ಮತ್ತು ನೈಟ್ರೇಟನ್ನು ಹೀರಿಕೊಳ್ಳುತ್ತವೆ, ಪಾಚಿಯ ಬೆಳವಣಿಗೆಯನ್ನು ತಗ್ಗಿಸುತ್ತವೆ, ಮೀನಿಗೆ ವಿಶ್ರಾಂತಿಯ ಸ್ಥಳವನ್ನು ನೀಡುತ್ತವೆ. ಆರಂಭಿಕರಿಗೆ ಸೂಕ್ತವಾದ ಸಸ್ಯಗಳು ಇಂತಿವೆ.

• ಜಾವಾ ಫರ್ನ್ ಮತ್ತು ಅನೂಬಿಯಾಸ್: ಕಡಿಮೆ ಬೆಳಕು ಸಾಕು. ಇವುಗಳ ಗೆಡ್ಡೆಯಂತಹ ಕಾಂಡವನ್ನು ಮರಳಿನಲ್ಲಿ ಹೂಳದೆ, ಕಲ್ಲು ಅಥವಾ ಮರದ ತುಂಡಿಗೆ ದಾರದಿಂದ ಕಟ್ಟಬೇಕು. ಹೂತರೆ ಕೊಳೆಯುತ್ತದೆ.
• ಕ್ರಿಪ್ಟೋಕೊರೈನ್: ಮರಳಿನಲ್ಲಿ ನೆಡಬೇಕು. ಹೊಸ ನೀರಿಗೆ ಹೊಂದಿಕೊಳ್ಳುವಾಗ ಎಲೆ ಉದುರಿದರೂ ಮತ್ತೆ ಚಿಗುರುತ್ತದೆ.
• ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ: ಬೇಗ ಬೆಳೆದು ತೊಟ್ಟಿಯ ಹಿನ್ನೆಲೆಯನ್ನು ತುಂಬುತ್ತವೆ.
• ತೇಲುವ ಸಸ್ಯಗಳು: ಸಾಲ್ವೀನಿಯಾ, ಅಂತರಗಂಗೆ ಮುಂತಾದವು ನೆರಳು ನೀಡಿ, ನೊರೆಗೂಡಿಗೆ ಆಸರೆಯಾಗುತ್ತವೆ. ಮೇಲ್ಮೈಯ ಅರ್ಧಭಾಗವನ್ನು ತೆರವಾಗಿ ಇಡಬೇಕು. ಪೂರ್ತಿ ಮುಚ್ಚಿಕೊಂಡರೆ ಮೀನು ಗಾಳಿ ಸೇವಿಸಲು ತೊಂದರೆಯಾಗುತ್ತದೆ.

ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು. ಕೆರೆಯಿಂದ ತಂದ ಗಿಡಗಳಲ್ಲಿ ಬಸವನಹುಳು, ಜಿಗಣೆ ಮತ್ತು ಮೀನಿನ ಮರಿಗಳನ್ನು ತಿನ್ನುವ ಕೀಟಗಳು ಇರಬಹುದಾದುದರಿಂದ, ಚೆನ್ನಾಗಿ ತೊಳೆದು ಬೇರೆ ಪಾತ್ರೆಯಲ್ಲಿ ಒಂದೆರಡು ವಾರ ಇರಿಸಿದ ನಂತರವೇ ಬಳಸಬೇಕು. ಪ್ಲಾಸ್ಟಿಕ್ ಗಿಡಗಳ ಚೂಪಾದ ಅಂಚುಗಳು ಈಜುರೆಕ್ಕೆಯನ್ನು ಹರಿಯುತ್ತವೆ.

7. ನೀರು ಮತ್ತು ಉಷ್ಣಾಂಶದ ನಿರ್ವಹಣೆ

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ವಿಸರ್ಜನೆಯಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 3ರಿಂದ 6 ವಾರ ಬೇಕು. ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಬೆಟ್ಟಾಗೆ ಸೂಕ್ತ. ರಭಸದ ಹರಿವು ಉದ್ದ ರೆಕ್ಕೆಯ ಗಂಡನ್ನು ಬಳಲಿಸುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ 24 ಗಂಟೆ ತೆರೆದ ಪಾತ್ರೆಯಲ್ಲಿ ಇಟ್ಟು ಅಥವಾ 'ಆಂಟಿ ಕ್ಲೋರಿನ್' ಎಂದು ದೊರೆಯುವ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ ಬಳಸಬೇಕು. ಬೀದರ್ ಭಾಗದಲ್ಲಿ ಮೇಲಿನ ಜಂಬಿಟ್ಟಿಗೆಯ ಪದರ ಮತ್ತು ಅದರ ಕೆಳಗಿನ ಕಪ್ಪು ಕಲ್ಲಿನ ಪದರ ಎರಡರಲ್ಲಿಯೂ ಅಂತರ್ಜಲ ದೊರೆಯುತ್ತದೆ. ಆದ್ದರಿಂದ ನೀರಿನ ಗಡಸುತನವು ಬಾವಿಯಿಂದ ಬಾವಿಗೆ ಬೇರೆಯಾಗಿರಬಹುದು. ಪಿ.ಎಚ್. 6.5ರಿಂದ 7.5ರ ನಡುವೆ ಇದ್ದರೆ ಉತ್ತಮ. ಸ್ವಲ್ಪ ಹೆಚ್ಚಿದ್ದರೂ ಸ್ಥಿರವಾಗಿದ್ದಲ್ಲಿ ಮೀನು ಹೊಂದಿಕೊಳ್ಳುತ್ತದೆ. ರಾಸಾಯನಿಕ ಬೆರೆಸಿ ಪದೇ ಪದೇ ಬದಲಿಸುವುದು ಹೆಚ್ಚು ಅಪಾಯಕಾರಿ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಬೇಕು.

ಬೆಟ್ಟಾಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಸೂಕ್ತ. ಬೀದರ್ ಜಿಲ್ಲೆಯು ಪ್ರಸ್ಥಭೂಮಿಯ ಮೇಲಿರುವುದರಿಂದ ಡಿಸೆಂಬರ್ ಮತ್ತು ಜನವರಿ ತಿಂಗಳ ರಾತ್ರಿಗಳಲ್ಲಿ ಚಳಿ ತೀವ್ರವಾಗಿರುತ್ತದೆ. ಆ ತಿಂಗಳುಗಳಲ್ಲಿ 45 ಲೀಟರ್ ತೊಟ್ಟಿಗೆ 50 ವ್ಯಾಟ್ ಹೀಟರ್ ಅಗತ್ಯ. ವಿದ್ಯುತ್ ಕಡಿತವಾದಾಗ ತೊಟ್ಟಿಗೆ ಕಂಬಳಿ ಹೊದಿಸಿದರೆ ಶಾಖ ಉಳಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಗಡಿನ ಛಾವಣಿಯ ಮನೆಗಳಲ್ಲಿ ತೊಟ್ಟಿಯನ್ನು ಮನೆಯ ತಂಪಾದ ಮೂಲೆಯಲ್ಲಿ, ನೆಲಕ್ಕೆ ಸಮೀಪವಾಗಿ ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಹಾಕಬಾರದು.

8. ತಳಿ ಎತ್ತಲು ಗಂಡು-ಹೆಣ್ಣನ್ನು ಸೇರಿಸುವ ಕ್ರಮ

ಇವೆರಡನ್ನು ಸೇರಿಸುವ ಸಂದರ್ಭ ತಳಿ ಎತ್ತುವುದೊಂದೇ. ಇದನ್ನು ಈ ಕೆಳಗಿನಂತೆ ಹಂತ ಹಂತವಾಗಿ ಕೈಗೊಳ್ಳಬೇಕು.

1) ಗಂಡು, ಹೆಣ್ಣು ಎರಡಕ್ಕೂ ಒಂದರಿಂದ ಎರಡು ವಾರ ಪ್ರತ್ಯೇಕವಾಗಿ ಪೌಷ್ಟಿಕ ಆಹಾರ ನೀಡಬೇಕು. ಗಾತ್ರದಲ್ಲಿ ಎರಡೂ ಸರಿಸಮವಾಗಿರಬೇಕು.
2) 15ರಿಂದ 20 ಲೀಟರ್‌ನ ಬೇರೊಂದು ತೊಟ್ಟಿಯಲ್ಲಿ 10ರಿಂದ 15 ಸೆಂ.ಮೀ. ಮಾತ್ರ ನೀರು ತುಂಬಿ, ಒಂದು ಮೂಲೆಯಲ್ಲಿ ದಟ್ಟವಾಗಿ ಗಿಡಗಳನ್ನು ಇಡಬೇಕು. ನೊರೆಗೂಡಿಗೆ ಆಸರೆಯಾಗಿ ಒಣಗಿದ ಕಾಡುಬಾದಾಮಿ ಎಲೆಯನ್ನು ತೇಲಿಬಿಡಬಹುದು. ಮುಚ್ಚಳ ಕಡ್ಡಾಯ.
3) ಮೊದಲು ಗಂಡನ್ನು ಬಿಡಬೇಕು. ಹೆಣ್ಣನ್ನು ಎರಡೂ ಕಡೆ ತೆರೆದ ಲಾಟೀನು ಗಾಜಿನೊಳಗೆ ಅಥವಾ ಪಾರದರ್ಶಕ ಬಾಟಲಿಯೊಳಗೆ ಇಟ್ಟು ಸುಮಾರು ಒಂದು ದಿನ ಪರಸ್ಪರ ಕಾಣುವಂತೆ ಮಾಡಬೇಕು.
4) ಗಂಡು ನೊರೆಗೂಡು ಕಟ್ಟಿದ್ದು, ಹೆಣ್ಣಿನ ಮೈಮೇಲೆ ಲಂಬವಾದ ಪಟ್ಟೆಗಳು ಮೂಡಿ, ತಲೆ ತಗ್ಗಿಸಿ ಗಂಡಿನತ್ತ ಬಂದರೆ ಅದು ಸಿದ್ಧವಾಗಿದೆ ಎಂದರ್ಥ. ಹೆಣ್ಣು ಬಣ್ಣಗುಂದಿ, ಅಡ್ಡ ಗೆರೆಗಳು ಕಂಡು, ದೂರ ಸರಿಯುತ್ತಿದ್ದರೆ ಅದು ಭಯದ ಸೂಚನೆ, ಬಿಡಬಾರದು.
5) ಹೆಣ್ಣನ್ನು ಬಿಟ್ಟ ನಂತರ ಮನೆಯವರೊಬ್ಬರು ಗಮನಿಸುತ್ತಿರಬೇಕು. ಸ್ವಲ್ಪ ಬೆನ್ನಟ್ಟುವುದು ಮತ್ತು ರೆಕ್ಕೆಯ ಅಂಚು ಹರಿಯುವುದು ಸಾಮಾನ್ಯ. ಹುರುಪೆ ಕಿತ್ತು ಹೋದರೆ, ಗಾಯವಾದರೆ, ಹೆಣ್ಣು ಮೂಲೆಯಿಂದ ಹೊರಬರದಿದ್ದರೆ ಅಥವಾ 24 ಗಂಟೆಯಲ್ಲಿ ಮೊಟ್ಟೆ ಇಡದಿದ್ದರೆ ತಕ್ಷಣ ಬೇರ್ಪಡಿಸಬೇಕು.
6) ಗಂಡು ಹೆಣ್ಣನ್ನು ಸುತ್ತುವರಿದು ಅಪ್ಪಿಕೊಂಡಾಗ ಬಿಳಿ ಮೊಟ್ಟೆಗಳು ಕೆಳಕ್ಕೆ ಬೀಳುತ್ತವೆ. ಗಂಡು ಅವುಗಳನ್ನು ಬಾಯಿಯಿಂದ ಆಯ್ದು ಗೂಡಿನಲ್ಲಿ ಇರಿಸುತ್ತದೆ. ಕೆಲವು ಗಂಟೆಗಳಲ್ಲಿ ಈ ಕಾರ್ಯ ಮುಗಿದ ಕೂಡಲೇ ಹೆಣ್ಣನ್ನು ಹೊರತೆಗೆಯಬೇಕು. ಹೆಚ್ಚಿನ ಸಾವು ಸಂಭವಿಸಬಹುದಾದ ಘಟ್ಟ ಇದು.
7) ಮೊಟ್ಟೆಗಳು 24ರಿಂದ 48 ಗಂಟೆಗಳಲ್ಲಿ ಒಡೆಯುತ್ತವೆ. ನಂತರ 2-3 ದಿನಗಳಲ್ಲಿ ಮರಿಗಳು ಅಡ್ಡಲಾಗಿ ಈಜಲು ಆರಂಭಿಸಿದಾಗ ಗಂಡನ್ನೂ ಹೊರತೆಗೆಯಬೇಕು.

9. ತಳಿ ಎತ್ತುವ ಮುನ್ನ ಮಾಡಬೇಕಾದ ಲೆಕ್ಕ

ಒಂದು ಬಾರಿಗೆ ನೂರಾರು ಮೊಟ್ಟೆಗಳು ಬರಬಹುದು. ಅವುಗಳಲ್ಲಿ 100 ಮರಿಗಳು ಉಳಿದು, ಅರ್ಧದಷ್ಟು ಗಂಡುಗಳಾದವೆಂದು ಭಾವಿಸೋಣ. ಎರಡು-ಮೂರು ತಿಂಗಳಿನಲ್ಲಿ ಗಂಡುಗಳು ಪರಸ್ಪರ ಕಚ್ಚಾಡಲು ಆರಂಭಿಸುವುದರಿಂದ 50 ಪ್ರತ್ಯೇಕ ಪಾತ್ರೆಗಳು ಬೇಕಾಗುತ್ತವೆ. ಪ್ರತಿ ಪಾತ್ರೆಯ ನೀರು ಬದಲಿಸಿ ಆಹಾರ ನೀಡಲು ದಿನಕ್ಕೆ 2 ನಿಮಿಷವಾದರೂ 100 ನಿಮಿಷಗಳು ಬೇಕು. ಮರಿಗಳಿಗೆ ಮೊದಲ ದಿನಗಳಲ್ಲಿ ಸೂಕ್ಷ್ಮಜೀವಿಗಳಿರುವ ಹಸಿರು ನೀರು, ನಂತರ ಆರ್ಟೀಮಿಯಾ ಮರಿಗಳಂತಹ ಜೀವಂತ ಆಹಾರವನ್ನು ಒದಗಿಸಬೇಕು. ಜಾಗ, ಸಮಯ ಮತ್ತು ಕೊಳ್ಳುವವರು ಈ ಮೂರೂ ಖಚಿತವಾಗದ ಹೊರತು ತಳಿ ಎತ್ತುವ ಕಾರ್ಯಕ್ಕೆ ಮುಂದಾಗದಿರುವುದು ಲೇಸು.

ಇದನ್ನು ಉಪಕಸುಬಾಗಿ ಕೈಗೊಳ್ಳಬಯಸುವವರ ಗಮನಕ್ಕೆ: 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಾಣಿಕೆ ಘಟಕಕ್ಕೆ ರೂ. 3 ಲಕ್ಷ ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಹಣ ಹೂಡುವ ಮುನ್ನ ಆಯಾ ವರ್ಷದ ಅನುದಾನ ಮತ್ತು ಅರ್ಹತೆಯನ್ನು ವಿಚಾರಿಸಿ ತಿಳಿಯತಕ್ಕದ್ದು.

10. ಸಾರ್ವಜನಿಕರು ಪಾಲಿಸಬೇಕಾದ ಎಚ್ಚರಿಕೆಗಳು

ಅ) ಮನರಂಜನೆಗಾಗಿ ಎರಡು ಗಂಡು ಮೀನುಗಳನ್ನು ಒಂದೇ ಪಾತ್ರೆಗೆ ಬಿಟ್ಟು ಕಾದಾಡಿಸುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದಲ್ಲಿ 'ಪ್ರಾಣಿ' ಎಂದರೆ ಮನುಷ್ಯನನ್ನು ಹೊರತುಪಡಿಸಿ ಯಾವುದೇ ಜೀವಿ ಎಂದಿದೆ. ಮೀನೂ ಅದರಲ್ಲಿ ಸೇರುತ್ತದೆ. ಕೇವಲ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 11ನೇ ಪ್ರಕರಣದ ಅನ್ವಯ ಹಿಂಸೆಯಾಗುತ್ತದೆ. ಮಕ್ಕಳಿಗೆ ಈ ಬಗ್ಗೆ ಪೋಷಕರು ತಿಳಿಹೇಳಬೇಕು.

ಆ) ಬೆಟ್ಟಾ ಸೊಳ್ಳೆ ಮರಿಗಳನ್ನು ಇಷ್ಟಪಟ್ಟು ತಿನ್ನುತ್ತದೆ. ಆದರೆ ಇದಕ್ಕಾಗಿ ಮನೆಯ ಬಳಿ ನೀರು ನಿಲ್ಲಿಸಿ ಸೊಳ್ಳೆ ಮರಿ ಬೆಳೆಸಬಾರದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಇಂತಹ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಇ) ಬೇಡವಾದ ಮೀನು, ಮರಿ ಅಥವಾ ತೇಲುವ ಸಸ್ಯಗಳನ್ನು ಕಾರಂಜಾ ಜಲಾಶಯ, ಮಾಂಜ್ರಾ ನದಿ, ಊರಿನ ಕೆರೆ ಅಥವಾ ತೆರೆದ ಬಾವಿಗಳಿಗೆ ಬಿಡಬಾರದು. ಸಾಲ್ವೀನಿಯಾ ಮತ್ತು ಅಂತರಗಂಗೆ ಒಮ್ಮೆ ಹರಡಿದರೆ ನೀರಿನ ಮೇಲ್ಮೈಯನ್ನು ಮುಚ್ಚಿ ಮೀನುಗಾರರ ಬಲೆಗೂ, ಮೀನಿಗೂ ತೊಂದರೆಯಾಗುತ್ತದೆ. ಹೆಚ್ಚಾದ ಗಿಡಗಳನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಈ) ಗಾಯಗೊಂಡ ಮೀನನ್ನು ಬೇರ್ಪಡಿಸಿ, ಶುದ್ಧವಾದ ಬೆಚ್ಚನೆಯ ನೀರಿನಲ್ಲಿ ಇಡುವುದು ಮೊದಲ ಚಿಕಿತ್ಸೆ. ಸಲಹೆಯಿಲ್ಲದೆ ಆಂಟಿಬಯೋಟಿಕ್ ಔಷಧಿಗಳನ್ನು ನೀರಿಗೆ ಹಾಕಬಾರದು. ಅದು ಫಿಲ್ಟರಿನಲ್ಲಿರುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ನಾಶಪಡಿಸಬಹುದು.

11. ಸಾರಾಂಶ

• ಗಂಡು ಮತ್ತು ಹೆಣ್ಣು ಬೆಟ್ಟಾ ಮೀನುಗಳಿಗೆ ಪ್ರತ್ಯೇಕ ತೊಟ್ಟಿ ಅಥವಾ ಭದ್ರವಾದ ತಡೆ ಇರಬೇಕು.
• ಸಸ್ಯಗಳು ನೀರಿನ ಗುಣಮಟ್ಟಕ್ಕೂ ವಿಶ್ರಾಂತಿಗೂ ಸಹಕಾರಿ. ಅವು ಪ್ರತ್ಯೇಕತೆಗೆ ಬದಲಿಯಲ್ಲ.
• ಸೇರಿಸುವುದಿದ್ದಲ್ಲಿ ತಳಿ ಎತ್ತಲು ಮಾತ್ರ, ಗಮನಿಸುವವರು ಇರುವಾಗ ಮಾತ್ರ ಮತ್ತು ಬೇರ್ಪಡಿಸಲು ಇನ್ನೊಂದು ತೊಟ್ಟಿ ಸಿದ್ಧವಿರುವಾಗ ಮಾತ್ರ.
• ಒಂದು ತೊಟ್ಟಿಗೆ ಮಾತ್ರ ಅವಕಾಶವಿರುವ ಕುಟುಂಬವು ಒಂದೇ ಬೆಟ್ಟಾ ಸಾಕುವುದು ಉತ್ತಮ. ಈ ಮೀನಿಗೆ ಒಂಟಿತನ ಕೊರತೆಯಲ್ಲ. ಉತ್ತಮ ಪಾಲನೆಯಲ್ಲಿ ಅದು 2ರಿಂದ 4 ವರ್ಷ ಬದುಕುತ್ತದೆ.

ಹೆಚ್ಚಿನ ಮಾಹಿತಿಗಾಗಿ ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಸಾರ್ವಜನಿಕರು ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.